ಎಡಗೈ ಕತ್ತರಿ

ಜನವರಿ 6

ಇವತ್ತು ಕತ್ತರಿ ಕೈಜಾರಿತು. ವಕೀಲರೊಬ್ಬರ ಕೋಟಿಗೆಂದು ಬಂದಿದ್ದ ಕಪ್ಪು ಉಣ್ಣೆ ಬಟ್ಟೆ. ತೋಳಿನ ತಿರುವಿಗೆ ಬಂದಾಗ ಬೆರಳುಗಳು ತಾವಾಗಿಯೇ ಸಡಿಲವಾದವು. ಕತ್ತರಿಯ ಬಾಯಿ ಸೀಮೆಸುಣ್ಣದ ಗೆರೆ ಬಿಟ್ಟು ಎದೆಯ ಭಾಗಕ್ಕೆ ನುಗ್ಗಿತು. ಬಟ್ಟೆ ಹಾಳು.

ಯಜಮಾನರು ತೀರಿಕೊಂಡಾಗ ಹೆಂಗಸು ಕೋಟು ಕತ್ತರಿಸುವುದುಂಟೇ ಎಂದು ಊರೆಲ್ಲ ನಕ್ಕಿತ್ತು. ಅವರ ಕತ್ತರಿಯನ್ನೇ ಎತ್ತಿಕೊಂಡು ಅದೇ ಮೇಜಿನ ಮುಂದೆ ನಿಂತವಳು ನಾನು. ಅಲ್ಲಿಂದ ಇಲ್ಲಿಯವರೆಗೆ ಈ ಅಂಗಡಿಯಲ್ಲಿ ಬೇರೆ ಯಾರ ಕೈಯೂ ಬಟ್ಟೆಗೆ ಕತ್ತರಿ ಹಾಕಿಲ್ಲ.

ಹೊಲಿಯುತ್ತಿದ್ದವರು ತಲೆ ಎತ್ತಲಿಲ್ಲ. ಯಂತ್ರಗಳ ಸದ್ದು ಒಂದು ಗಳಿಗೆಯೂ ನಿಲ್ಲಲಿಲ್ಲ. ಯಾರಾದರೂ ಅಯ್ಯೋ ಎಂದಿದ್ದರೆ ಬೈಯಬಹುದಿತ್ತು.

ಸಂಜೆ ಮಗ ಮಹಡಿಗೆ ಬಂದ. "ಅಮ್ಮಾ, ಮೇಜು ಇವಳಿಗೆ ಬಿಟ್ಕೊಡು. ನೀನು ಕೂತ್ಕೊಂಡು ಹೇಳು, ಅವಳು ಕತ್ತರಿಸ್ತಾಳೆ."

"ಯಾವ ಕೈಲಿ?" ಎಂದೆ.

ಸೊಸೆ ಬಾಗಿಲಲ್ಲೇ ನಿಂತಿದ್ದಳು. ಅವಳು ಎಡಚಿ. ಮದುವೆಯಾಗಿ ಬಂದ ದಿನದಿಂದ ನಾನು ಅವಳನ್ನು ಕರೆಯುವುದೂ ಹಾಗೆಯೇ. ನಮ್ಮ ಕತ್ತರಿ ಬಲಗೈಯದು. ಅದರ ಹಿಡಿ ಬಲಗೈಗೆ ಬಾಗಿದೆ, ಅಲಗುಗಳೂ ಬಲಗೈಗೇ ಕೂಡುತ್ತವೆ. ಎಡಗೈಯಲ್ಲಿ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಅವಳು ಗುಂಡಿ ಹಚ್ಚಲಿ, ಲೈನಿಂಗ್ ಕೂಡಿಸಲಿ.

ಜನವರಿ 13

ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ರಕ್ತ ಸರಿ, ಎದೆ ಸರಿ, ಮೂಳೆ ಅಷ್ಟಕ್ಕಷ್ಟೆ. "ಕಾಯಿಲೆ ಅಂತ ಏನೂ ಇಲ್ಲ ತಾಯಿ, ಮುಪ್ಪಿನ ನಿತ್ರಾಣ" ಎಂದರು. ಕಾಯಿಲೆ ಇಲ್ಲದಿದ್ದರೆ ಔಷಧವೂ ಇಲ್ಲ. ಮುಪ್ಪಿಗೆ ಮದ್ದಿಲ್ಲ ಎನ್ನುವುದನ್ನು ಕೇಳಲು ಇಷ್ಟು ದೂರ ಬರಬೇಕಿತ್ತೇ ಎಂದೆ.

ಆಗ ಅವರು ಸಂಶೋಧನೆಯ ವಿಷಯ ತೆಗೆದರು. ಎಳೆಯ ವಯಸ್ಸಿನವರ ಮೂಳೆಯ ಮಜ್ಜೆಯಿಂದ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ತೆಗೆದು, ಬೆಳೆಸಿ, ನನ್ನಂಥವರ ನರಕ್ಕೆ ಹನಿಹನಿಯಾಗಿ ಬಿಡುತ್ತಾರಂತೆ. ಕೈಕಾಲಿನ ಬಲ ಮರಳುತ್ತದೆಯೇ ಎಂದು ನೋಡುತ್ತಾರಂತೆ. ಆದರೆ ಸೇರಿದವರಲ್ಲಿ ಅರ್ಧ ಜನಕ್ಕೆ ಮಾತ್ರ ಕೋಶ, ಉಳಿದರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

"ಕೊಡೋರಿಗೂ ಗೊತ್ತಿಲ್ಲ, ತಗೊಳ್ಳೋರಿಗೂ ಗೊತ್ತಿಲ್ಲ. ಚೆನ್ನಾಗಿದೆ ನಿಮ್ಮ ವ್ಯಾಪಾರ" ಎಂದೆ. ಡಾಕ್ಟರು ನಕ್ಕರು. ನಾನು ನಗಿಸಲು ಹೇಳಿದ್ದಲ್ಲ.

ಮನೆಗೆ ಬಂದು ಮಗನಿಗೆ ಒಂದು ಮಾತು ಹೇಳಿದೆ. ಆರು ತಿಂಗಳು ಕೊಡು. ಕೊನೆಯ ಪರೀಕ್ಷೆಯಲ್ಲಿ ನನ್ನ ಬಲ ಸುಧಾರಿಸಿಲ್ಲ ಎಂದರೆ ಮೇಜು ನಿನ್ನ ಹೆಂಡತಿಗೆ. ಸುಧಾರಿಸಿದೆ ಎಂದರೆ ನಾನು ಸಾಯುವ ತನಕ ಆ ಮಾತೆತ್ತಬಾರದು. ಒಪ್ಪಿದ. ಎಡಚಿ ಲೈನಿಂಗ್ ಮಡಿಸುತ್ತಾ ಎಲ್ಲ ಕೇಳಿಸಿಕೊಂಡಳು.

ಜನವರಿ 22

ಸೇರಿಸಿಕೊಳ್ಳುವ ಮುಂಚಿನ ಪರೀಕ್ಷೆ. ಕೊರಳಿಗೆ ಗಡಿಯಾರ ತೂಗುಹಾಕಿಕೊಂಡ ಒಬ್ಬ ಹುಡುಗಿ ಆಸ್ಪತ್ರೆಯ ಓಣಿಯುದ್ದಕ್ಕೂ ನಡೆಸಿದಳು. ಬಲ ಅಳೆಯುವ, ಮುಳ್ಳಿರುವ ಒಂದು ಹಿಡಿಯನ್ನು ಕೈಗೆ ಕೊಟ್ಟು ಹಿಂಡಿ ಎಂದಳು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಏಳಿ, ಕೂರಿ, ಏಳಿ ಎಂದಳು. ಹಲ್ಲು ಕಚ್ಚಿ ಎದ್ದೆ. ಎರಡನೆಯ ಸಲ ಒದ್ದಾಡಿ ಎದ್ದೆ. ಮೂರನೆಯದು ಆಗಲಿಲ್ಲ.

ಬಲ ಹೆಚ್ಚಿದ್ದವರನ್ನು ಸೇರಿಸಿಕೊಳ್ಳುವುದಿಲ್ಲವಂತೆ. ನನ್ನನ್ನು ಸೇರಿಸಿಕೊಂಡರು. ಸೋತಿದ್ದಕ್ಕೆ ಪಾಸಾದದ್ದು ಜೀವಮಾನದಲ್ಲಿ ಇದೇ ಮೊದಲು. "ಆಯ್ಕೆ ಆಗಿದ್ದೀರಿ ಅಜ್ಜಿ, ಖುಷಿನಾ?" ಎಂದಳು ಗಡಿಯಾರದ ಹುಡುಗಿ. ನಿನ್ನ ಅಜ್ಜಿಗೆ ಹೇಳು ಹೋಗು ಎಂದೆ, ಮನಸ್ಸಿನಲ್ಲೇ.

ಫೆಬ್ರವರಿ 3

ಇವತ್ತು ಹನಿ ಹಾಕಿದರು. ಪಕ್ಕದ ಮಂಚದಲ್ಲಿ ಒಬ್ಬ ನಿವೃತ್ತ ಅಂಚೆ ಮಾಸ್ತರು. ಮನುಷ್ಯ ಕಡ್ಡಿಯಂತಿದ್ದಾನೆ, ಮಾತು ಮಾತ್ರ ಧಾರಾಳ.

"ತಾಯಿ, ನಲವತ್ತು ವರ್ಷ ಬೇರೆಯವರ ಲಕೋಟೆ ಹಂಚ್ದೆ, ಒಂದನ್ನೂ ಒಡೆದು ನೋಡ್ಲಿಲ್ಲ. ಈಗ ನನ್ನ ಲಕೋಟೇನೇ ಒಡೀಬೇಡ ಅಂತಾರೆ ನೋಡಿ!"

ಕಾಣಬಾರದೆಂದು ಹನಿಯ ಚೀಲಕ್ಕೆ ಬಟ್ಟೆಯ ಮುಸುಕು ಹಾಕಿದ್ದರು. ಯಾರು ಹೊಲಿದರೋ, ಅಂಚು ಮಡಿಸಿಲ್ಲ, ಹೊಲಿಗೆ ಹಲ್ಲುಬಿಟ್ಟಿದೆ. ನಮ್ಮಲ್ಲಿ ಹಾಗೆ ಹೊಲಿದಿದ್ದರೆ ಅದೇ ದಿನ ಮನೆಗೆ ಕಳಿಸುತ್ತಿದ್ದೆ. ನರ್ಸು ಅತ್ತ ತಿರುಗಿದಾಗ ಹೊಲಿಗೆ ಬಿಟ್ಟಲ್ಲಿ ಕಣ್ಣಿಟ್ಟು ನೋಡಿದೆ. ಒಳಗೆ ಮೋಡ ಕವಿದ ಹಾಗೆ ಬೆಳ್ಳಗೆ ಮಬ್ಬು.

ಉಪ್ಪುನೀರು ತಿಳಿಯಾಗಿರುತ್ತದೆ, ಅಷ್ಟು ನನಗೂ ಗೊತ್ತು. ನನಗೆ ಬಂದದ್ದು ಕೋಶವೇ. ಯಾರಿಗೂ ಹೇಳಲಿಲ್ಲ. ಉಪ್ಪುನೀರು ಅವರ ಪಾಲಿಗೇ ಬಂದಿರಬೇಕು ಎಂದು ಅಂಚೆ ಮಾಸ್ತರನ್ನು ನೋಡಿ ಪಾಪ ಎನಿಸಿತು.

ಫೆಬ್ರವರಿ 5

ಮೈ ಬಿಸಿ. ಊಟ ಸೇರಲಿಲ್ಲ. ಕೋಶಗಳು ಕೆಲಸ ಶುರು ಮಾಡಿರಬೇಕು.

ಫೆಬ್ರವರಿ 27

ಬರೆಯಲು ಏನೂ ಇರಲಿಲ್ಲ. ಇವತ್ತು ಇದೆ.

ಬೆಳಿಗ್ಗೆ ಬೂದು ಬಣ್ಣದ ದಪ್ಪ ಬಟ್ಟೆ ಹಾಸಿ ಕತ್ತರಿ ಇಟ್ಟೆ. ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಗುಂಡಿಯ ತೂತಿಗೆ ಕಾಜಾ ಹಾಕುವವನು ಕಣ್ಣರಳಿಸಿ, "ಅಮ್ಮೋರ ಕೈ ಹಳೇ ಕೈ ಆಯ್ತಲ್ಲ" ಎಂದ. ಕೈ ಯಾವತ್ತೂ ಹಳೆಯದೇ, ನಿನ್ನ ಕಾಜಾ ನೋಡಿಕೋ ಎಂದೆ. ಮಧ್ಯಾಹ್ನದ ತನಕ ಆ ಮಾತು ಕಿವಿಯಲ್ಲೇ ಇತ್ತು.

ಕತ್ತರಿ ಮಾತ್ರ ಬೆಳಿಗ್ಗೆ ಅದನ್ನು ತೂಗುಹಾಕುವ ಮೊಳೆಯಲ್ಲಿರಲಿಲ್ಲ. ಎಡಚಿ ಒಳಗಿನಿಂದ ತಂದುಕೊಟ್ಟಳು. ಎಣ್ಣೆ ಬಿಡಲು ತೆಗೆದಿದ್ದಳಂತೆ. ನನ್ನ ಕತ್ತರಿ ಮುಟ್ಟಬೇಡ ಎಂದು ಎಷ್ಟು ಸಲ ಹೇಳುವುದು.

ಮಾರ್ಚ್ 10

ನನ್ನ ಕುರ್ಚಿಯ ನಾಲ್ಕೂ ಕಾಲಿನ ಕೆಳಗೆ ಮರದ ತುಂಡು ಇಟ್ಟಿದ್ದಾಳೆ. ಏನಿದು ಅವತಾರ ಎಂದೆ. "ಇರುವೆ ಅತ್ತೆ. ಕಾಲು ಹಿಡ್ಕೊಂಡು ಮೇಲೆ ಹತ್ತುತ್ವೆ" ಎಂದಳು. ನನಗೆ ಒಂದು ಇರುವೆಯೂ ಕಾಣಲಿಲ್ಲ. ಕಣ್ಣು ಅವಳದು ಎಳೆಯದು, ಇರಬಹುದು. ತಿಂಡಿ ಚೆಲ್ಲಿಕೊಂಡು ತಿಂದರೆ ಇರುವೆ ಬರದೆ ಆನೆ ಬರುತ್ತದೆಯೇ?

ಅಂಗಡಿಯ ಬಾಗಿಲಿನ ಸ್ಪ್ರಿಂಗೂ ಕಿತ್ತುಹೋಗಿದೆ. ಮೊದಲು ಭುಜ ಕೊಟ್ಟು ತಳ್ಳಬೇಕಿತ್ತು, ಈಗ ಬೆರಳಲ್ಲಿ ಮುಟ್ಟಿದರೆ ತೆರೆದುಕೊಳ್ಳುತ್ತದೆ. ಯಾರಿಗೂ ರಿಪೇರಿಯ ಯೋಚನೆ ಇಲ್ಲ. ನಾನಿಲ್ಲದಿದ್ದರೆ ಈ ಮನೆಯ ಗತಿ ಏನು?

ಮಾರ್ಚ್ 29

ಕುರ್ಚಿಯಿಂದ ಏಳುವುದು ಈಗ ಸಲೀಸು. ಆಗಾಗ ಸುಮ್ಮನೆ ಎದ್ದು ಕೂರುತ್ತೇನೆ. ಮಗ ನೋಡಿದ. ನೋಡಲಿ.

ಸಾಣೆಯವನು ವಾರ ವಾರ ನಮ್ಮ ಬೀದಿಗೇ ಬಂದು ಕೂರುತ್ತಾನೆ. ಆ ಕಲ್ಲಿನ ಕಿರಿಕಿರಿಗೆ ತಲೆ ಸಿಡಿಯುತ್ತದೆ. ನಿನಗೆ ಬೇರೆ ಬೀದಿ ಇಲ್ಲವೇ ಎಂದು ಕೂಗಿದೆ. ಅವನು ಎಡಚಿಯ ಮುಖ ನೋಡಿದ.

ಅವಳಿಗೂ ಒಂದು ಹೊಸ ಹುಚ್ಚು ಹಿಡಿದಿದೆ. ನಾನು ಮೆಟ್ಟಿಲಿಳಿಯುವ ಹೊತ್ತಿಗೇ ಮೆಟ್ಟಿಲು ಗುಡಿಸುತ್ತಾಳೆ. ನಾನು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಬಕೀಟು ತೊಳೆಯುತ್ತಾಳೆ. ಇಷ್ಟು ಗುಡಿಸಿಯೂ ಮನೆಯಲ್ಲಿ ಇರುವೆ.

ಏಪ್ರಿಲ್ 24

ಗಡಿಯಾರದ ಹುಡುಗಿ ಫೋನು ಮಾಡಿದಳು. ನಡುವೆ ಫೋನಿನಲ್ಲಿ ಕೇಳುತ್ತಾರೆ, ನಡೆಸುವುದು ಕೂರಿಸುವುದು ಎಲ್ಲ ಕೊನೆಗೇ.

"ಅಜ್ಜಿ, ಕುರ್ಚಿಯಿಂದ ಕೈ ಊರದೆ ಏಳ್ತೀರಾ?"

"ಏಳ್ತೀನಿ."

"ಭಾರದ ಬಾಗಿಲು ತೆಗೀತೀರಾ?"

"ಒಂದೇ ಬೆರಳಲ್ಲಿ."

"ಕೈಕೆಲಸ?"

"ಬಂದು ನೋಡು."

ಎಲ್ಲ ಬರೆದುಕೊಂಡಳು. ಅವಳ ದನಿಯೇ ಎದ್ದು ಕುಣಿಯುತ್ತಿತ್ತು. ನನ್ನ ಬಟ್ಟೆಗಳು ಸಡಿಲವಾಗುತ್ತಿರುವುದನ್ನು ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ಮೇ 16

ರಕ್ತ ಕೊಡಲು ಹೋದಾಗ ಅಂಚೆ ಮಾಸ್ತರು ಸಿಕ್ಕರು. ಈಗ ಕೋಲು ಹಿಡಿದಿದ್ದಾರೆ.

"ನಂದು ಉಪ್ಪುನೀರೇ ತಾಯಿ, ಅನುಮಾನವೇ ಇಲ್ಲ. ಒಂದು ತಿಂಗಳಿಂದ ನಾಲಿಗೆ ಕೂಡ ಉಪ್ಪುಪ್ಪು."

"ನಂದು ಹಾಗಲ್ಲ" ಎಂದೆ.

"ಹೇಗೆ ಹೇಳ್ತೀರಿ?"

"ಕಣ್ಣಿದೆ, ಹೇಳ್ತೀನಿ."

ಅವರು ನನ್ನನ್ನು ನೋಡಿದ ರೀತಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಇದ್ದಿದ್ದರೆ ಸಮಾಧಾನವಾಗುತ್ತಿತ್ತು.

ಹಿಂದಿರುಗುವಾಗ ಬಸ್ಸಿನ ಮೆಟ್ಟಿಲು ಬಹಳ ಎತ್ತರ. ಈಚೆಗೆ ಬಸ್ಸುಗಳನ್ನು ಹಾಗೆ ಮಾಡುತ್ತಿದ್ದಾರೆ. ಎಡಚಿ ಹಿಂದಿನಿಂದ ಹತ್ತುವಾಗ ಬೆನ್ನಿಗೆ ಕೈ ಇಟ್ಟಳು. ತಳ್ಳಬೇಡ ಎಂದೆ. "ಹಿಂದೆ ಜನ ತಳ್ತಿದ್ದಾರೆ ಅತ್ತೆ" ಎಂದಳು. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ.

ಜೂನ್ 30

ಸುಸ್ತು. ಮಳೆಗಾಲದ ಥಂಡಿಗೆ ಇರಬೇಕು.

ಜುಲೈ 19

ಎಡಚಿ ತವರಿಗೆ ಹೋಗಿ ಮೂರು ವಾರವಾಯಿತು. ಅವಳ ಅಪ್ಪನಿಗೆ ಹುಷಾರಿಲ್ಲ. ಅವಳು ಹೋದಾಗಿನಿಂದ ಕತ್ತರಿ ಮೊಂಡು ಹಿಡಿದಂತೆ ಆಡುತ್ತಿದೆ. ಇವತ್ತು ಒಂದು ತೋಳು ಕತ್ತರಿಸಿ ಮುಗಿಸುವಷ್ಟರಲ್ಲಿ ಹೆಬ್ಬೆರಳಿನ ಬುಡ ಬಾತುಕೊಂಡಿತು. ಸಾಣೆಯವನೂ ಬೀದಿಗೆ ಬಂದಿಲ್ಲ. ಬೇಡದಾಗ ಬಂದು ತಲೆ ತಿನ್ನುತ್ತಾನೆ, ಬೇಕಾದಾಗ ಇಲ್ಲ.

ಮನೆ ಭಣಗುಟ್ಟುತ್ತದೆ. ಮೆಟ್ಟಿಲ ಮೇಲೆ ಧೂಳು ಕೂತಿದೆ. ಇಳಿಯುವಾಗ ಗೋಡೆ ಹಿಡಿದುಕೊಂಡೆ, ಧೂಳಿಗೆ ಕಾಲು ಜಾರಬಾರದೆಂದು.

ಯಾವಾಗ ಬರುತ್ತಾಳೆ ಎಂದು ಮಗನನ್ನು ಕೇಳಿದೆ. "ಯಾಕಮ್ಮಾ?" ಎಂದ. ಲೈನಿಂಗ್ ಕೆಲಸ ರಾಶಿ ಬಿದ್ದಿದೆ ಎಂದೆ.

ಆಗಸ್ಟ್ 4

ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತೇನೆ.

ಕೊನೆಯ ಪರೀಕ್ಷೆ. ಎಡಚಿ ನಿನ್ನೆ ಬಂದಿದ್ದಳು, ಅವಳೇ ಕರೆದುಕೊಂಡು ಹೋದಳು. ಅವಳನ್ನು ಹೊರಗೆ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ. ಅದೇ ಓಣಿ, ಅದೇ ಹುಡುಗಿ. ಓಣಿಯ ಅರ್ಧದಲ್ಲಿ ಉಸಿರು ಕಟ್ಟಿತು, ಗೋಡೆಗೆ ಒರಗಿ ನಿಂತೆ. ಹಿಡಿಯನ್ನು ಹಿಂಡಿದೆ. ಹುಡುಗಿ ಮುಳ್ಳನ್ನು ನೋಡಿ, ಇನ್ನೊಂದು ಸಲ ಅಜ್ಜಿ ಎಂದಳು. ಮತ್ತೆ ಹಿಂಡಿದೆ. ಬರೆದುಕೊಂಡಳು.

ಕುರ್ಚಿಯಲ್ಲಿ ಕೂತೆ. ಕೈ ಎದೆಗೆ ಕಟ್ಟಿಕೊಂಡೆ. ಏಳಿ ಎಂದಳು.

ಏಳಲಾಗಲಿಲ್ಲ.

ಮುಂದೆ ಬಾಗಿದೆ, ಪಾದ ಊರಿದೆ, ತೊಡೆಗಳು ನನ್ನವೇ ಅಲ್ಲ ಎನ್ನುವ ಹಾಗೆ ಸುಮ್ಮನಿದ್ದವು. ಚಳಿಗಾಲದಲ್ಲಿ ಎರಡು ಸಲ ಎದ್ದಿದ್ದ ಕುರ್ಚಿ ಇದು.

"ಈ ಕುರ್ಚಿ ತಗ್ಗಾಗಿದೆ" ಎಂದೆ.

"ಅದೇ ಕುರ್ಚಿ ಅಜ್ಜಿ. ಎಲ್ಲರಿಗೂ ಇದೇ" ಎಂದಳು ಮೆಲ್ಲಗೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಕೊನೆಗೆ ಅವಳೇ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಅಂಚೆ ಮಾಸ್ತರು ಎಲ್ಲಿ ಎಂದು ಕೇಳಿದೆ. ಅವಳು ಗಡಿಯಾರದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಅವರು ಹೋದ ತಿಂಗಳು ಹೋಗ್ಬಿಟ್ರು" ಎಂದಳು.

ಹೊರಬರುವ ದಾರಿಯಲ್ಲಿ ಒಬ್ಬ ರೋಗಿಗೆ ಹನಿ ಹಾಕುತ್ತಿದ್ದರು. ಚೀಲಕ್ಕೆ ಮುಸುಕು ಇರಲಿಲ್ಲ. ಒಳಗೆ ಬೆಳ್ಳಗೆ ಮಬ್ಬು.

"ಇದ್ರಲ್ಲಿ ಏನಿದೆಯಮ್ಮಾ?" ಎಂದು ನರ್ಸನ್ನು ಕೇಳಿದೆ.

"ಉಪ್ಪುನೀರು."

"ಮಬ್ಬಾಗಿದೆಯಲ್ಲ?"

"ನೀರಲ್ಲ ಅಜ್ಜಿ, ಆ ಚೀಲದ ಪ್ಲಾಸ್ಟಿಕ್ಕೇ ಹಾಗೆ."

ನನಗೆ ಏನು ಕೊಟ್ಟರು ಎಂದು ಡಾಕ್ಟರನ್ನು ಕೇಳಿದೆ. ಎಲ್ಲರ ಪರೀಕ್ಷೆಯೂ ಮುಗಿದ ಮೇಲೆಯೇ ಗೊತ್ತಾಗುವುದು, ವರ್ಷಗಳೇ ಹಿಡಿಯಬಹುದು ಎಂದರು. ಹಾಗಾದರೆ ನನಗೆ ಗೊತ್ತಾಗುವುದಿಲ್ಲ. ಬಂದದ್ದು ಕೋಶವಾಗಿಯೂ ಹೀಗಾಯಿತೋ, ಕೋಶ ಬಂದಿದ್ದರೆ ಬೇರೆ ಆಗುತ್ತಿತ್ತೋ. ಬೇರೆಯವರ ಮಜ್ಜೆ ಬಂದು ನನ್ನ ಅಂಗಡಿ ಕಾಯುತ್ತದೆ ಎಂದು ನಂಬಿಕೊಂಡಿದ್ದೆ.

ಬಸ್ಸಿನಲ್ಲಿ ಎಡಚಿ ನನ್ನನ್ನು ಕಿಟಕಿಯ ಪಕ್ಕ ಕೂರಿಸಿದಳು.

ಮನೆಗೆ ಬಂದು ನನ್ನ ಕುರ್ಚಿಯಲ್ಲಿ ಕೂತೆ. ಎದ್ದೆ. ಮತ್ತೆ ಕೂತೆ, ಎದ್ದೆ. ಆಮೇಲೆ ಮೇಜು ಹಿಡಿದುಕೊಂಡು ಬಗ್ಗಿ ಕುರ್ಚಿಯ ಕಾಲಿನ ಕೆಳಗಿನ ತುಂಡುಗಳನ್ನು ನೋಡಿದೆ.

"ಇದು ಯಾವ ಇರುವೆಗೆ?" ಎಂದೆ.

ಅವಳು ಲೈನಿಂಗ್ ಬಟ್ಟೆಯನ್ನು ಕೆಳಗಿಟ್ಟಳು. "ನಿಮಗೆ ಏಳೋಕೆ ಕಷ್ಟ ಆಗ್ತಿತ್ತು. ಹೇಳಿದ್ರೆ ಬೈತಿದ್ರಿ."

"ಕತ್ತರಿ?"

"ವಾರಕ್ಕೊಂದ್ಸಲ ಸಾಣೆ."

"ಬಾಗಿಲು?"

"ಸ್ಪ್ರಿಂಗು ನಾನೇ ಬಿಚ್ಚಿದ್ದು."

"ಎಷ್ಟು ಧೈರ್ಯ ನಿನಗೆ! ನಾನು ಸೋತ್ರೆ ಮೇಜು ನಿನಗೆ ಬರ್ತಿತ್ತು. ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ಮೇಜು ಇಟ್ಕೊಂಡು ನಾನೇನು ಮಾಡ್ಲಿ ಅತ್ತೆ? ನಂದು ಎಡಗೈ ಅಲ್ವಾ."

ಅದು ಚುಚ್ಚುಮಾತೋ, ಬರೀ ಉತ್ತರವೋ ಇನ್ನೂ ತಿಳಿಯುತ್ತಿಲ್ಲ. ಅವಳ ಮುಖ ಎಂದಿನ ಹಾಗೆಯೇ ಇತ್ತು. ತುಂಡುಗಳನ್ನು ತೆಗೆದು ಬಿಸಾಡು ಎಂದೆ.

ಆಗಸ್ಟ್ 5

ಮಗನನ್ನು ನಾನೇ ಕರೆದು ಸೋತೆ ಎಂದೆ. "ಇರ್ಲಿ ಬಿಡಮ್ಮಾ" ಎಂದ. ಮಾತು ಮಾತೇ, ಕನಿಕರ ಬೇಡ ಎಂದು ಕಳಿಸಿದೆ.

ಗಡಿಯಾರದ ಹುಡುಗಿಗೂ ಫೋನು ಮಾಡಿಸಿದೆ. ಏಪ್ರಿಲಿನಲ್ಲಿ ನಾನು ಹೇಳಿದ್ದನ್ನೆಲ್ಲ ಹೊಡೆದುಹಾಕು, ಅವು ನನ್ನ ಕಾಲಿನ ಉತ್ತರವಲ್ಲ, ಮರದ ತುಂಡಿನ ಉತ್ತರ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. "ಹೊಡೆದುಹಾಕೋ ಹಾಗಿಲ್ಲ ಅಜ್ಜಿ, ಆದ್ರೆ ಪಕ್ಕದಲ್ಲಿ ಇದನ್ನೂ ಬರೀತೀನಿ" ಎಂದಳು. ಆ ಸಂಶೋಧನೆಗೆ ನನ್ನಿಂದ ಸಿಕ್ಕಿದ್ದು ಇಷ್ಟೇ ಇರಬೇಕು.

ಆಗಸ್ಟ್ 8

ತುಂಡುಗಳಿಲ್ಲದ ಕುರ್ಚಿ. ಮಧ್ಯಾಹ್ನ ಊಟವಾದ ಮೇಲೆ ಕೂತವಳಿಗೆ ಏಳಲಾಗಲಿಲ್ಲ. ಯಾರನ್ನೂ ಕರೆಯಲಿಲ್ಲ. ಮೂತ್ರಕ್ಕೆ ಅವಸರವಾಗಿತ್ತು, ಆದರೂ ಕರೆಯಲಿಲ್ಲ. ಕಾಜಾದವನು ಬಂದು ಅಳತೆ ಕೇಳಿದ, ಗತ್ತಿನಿಂದಲೇ ಹೇಳಿ ಕಳಿಸಿದೆ.

ಅವಳು ಬಂದಳು. ನೋಡಿದಳು. ಕೈ ಚಾಚಲಿಲ್ಲ. ಗುಂಡಿಯ ಡಬ್ಬಿ ತಂದು ಎದುರಿಗೆ ನೆಲದ ಮೇಲೆ ಕೂತು ಗುಂಡಿ ಹಚ್ಚತೊಡಗಿದಳು. ಒಂದು ಕೋಟು ಮುಗಿಯಿತು. ಇನ್ನೊಂದು ಎತ್ತಿಕೊಂಡಳು. ಇಷ್ಟು ವರ್ಷದಲ್ಲಿ ಅವಳು ಹೊಲಿಯುವುದನ್ನು ನಾನು ಕೂತು ನೋಡಿದ್ದೇ ಇಲ್ಲ. ಸೂಜಿ ಎಡಗೈಯಲ್ಲಿ ನೀರಿನ ಹಾಗೆ ಓಡುತ್ತದೆ. ಒಂದು ಗುಂಡಿಗೂ ಎರಡನೆಯ ಸಲ ದಾರ ಎಳೆದು ನೋಡಲಿಲ್ಲ.

"ಕೈ ಕೊಡು" ಎಂದೆ.

ಎಡಗೈಯನ್ನೇ ಕೊಟ್ಟಳು. ಗಟ್ಟಿ ಕೈ.

ಆಗಸ್ಟ್ 21

ಸಾಣೆಯವನನ್ನು ಒಳಗೆ ಕರೆಸಿದೆ. ಮೊದಲೇ ಬೈಸಿಕೊಂಡವನು, ಹೊಸಿಲಲ್ಲೇ ನಿಂತ. ಎಡಗೈಯವರಿಗೆ ಕತ್ತರಿ ಸಿಗುತ್ತದೆಯೇ ಎಂದು ಕೇಳಿದೆ. "ಸಿಗುತ್ತೆ ಅಮ್ಮೋರೆ. ಅಲಗು ಜೋಡಿಸೋದೇ ತಿರುಗುಮುರುಗು. ಹೇಳಿ ತರಿಸ್ಬೇಕು." ಇಂಥದೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲ. ಯಾವತ್ತೂ ಕೇಳಿರಲೂ ಇಲ್ಲ. ತರಿಸು ಎಂದೆ. ಮನೆಯಲ್ಲಿ ಹೇಳಬೇಡ ಎಂದೂ ಹೇಳಿದೆ.

ಸೆಪ್ಟೆಂಬರ್ 15

ಕತ್ತರಿ ಬಂತು. ಬಾಗಿಲು ಹಾಕಿಕೊಂಡು ಪೊಟ್ಟಣ ಬಿಚ್ಚಿದೆ. ದಾರದ ಗಂಟಿಗೇ ಎಷ್ಟೋ ಹೊತ್ತು ಹಿಡಿಯಿತು. ಒಂದು ಚಿಂದಿ ತೆಗೆದುಕೊಂಡು ನನ್ನ ಕೈಯಲ್ಲಿ ಹಿಡಿದು ನೋಡಿದೆ. ಬಟ್ಟೆಯನ್ನು ಅಗಿಯಿತು. ಹಿಡಿ ಹೆಬ್ಬೆರಳಿಗೆ ಒತ್ತಿತು. ಬಲ ಇದ್ದಿದ್ದರೂ ಇದು ನನಗೆ ಬರುತ್ತಿರಲಿಲ್ಲ. ಅದು ಗೊತ್ತಾದ ಮೇಲೆ ಕೊಡುವುದು ಅಷ್ಟು ಕಷ್ಟವೆನಿಸಲಿಲ್ಲ.

ಮೇಜಿನ ಮೇಲೆ ಕಪ್ಪು ಉಣ್ಣೆ ಹಾಸಿಸಿದೆ. ಸೊಸೆಯನ್ನು ಕರೆದು ಕೈಗೆ ಕೊಟ್ಟೆ. ಅವಳು ತಿರುಗಿಸಿ ಮುರುಗಿಸಿ ನೋಡಿದಳು, ನನ್ನ ಮುಖವನ್ನೂ ನೋಡಿದಳು.

"ಏನು ನೋಡ್ತೀಯ? ಬಟ್ಟೆ ನೋಡು."

ಮೊದಲ ಗೆರೆಯಲ್ಲಿ ಅವಳು ಕತ್ತರಿಯನ್ನು ಎತ್ತಿ ಎತ್ತಿ ಹಾಕಿದಳು. ಹೆಬ್ಬೆರಳು ಸಡಿಲ ಬಿಡು, ಕತ್ತರಿ ಎತ್ತಬೇಡ, ಮೇಜಿನ ಮೇಲೇ ನಡೆಸು ಎಂದೆ. ತೋಳಿನ ತಿರುವಿಗೆ ಬಂದಾಗ ನಾನು ಉಸಿರು ಹಿಡಿದೆ. ಗೆರೆ ಬಿಡದೆ ದಾಟಿದಳು. ಯಂತ್ರಗಳೆಲ್ಲ ನಿಂತಿದ್ದವು. ಏನು ಸಿನಿಮಾ ನಡೆಯುತ್ತಿದೆಯೇ ಎಂದು ಗದರಿದ ಮೇಲೆ ಮತ್ತೆ ಹೊರಟವು.

ಯಜಮಾನರ ಕತ್ತರಿ ಮೊಳೆಯಲ್ಲಿದೆ. ಇನ್ನು ಅದಕ್ಕೆ ಸಾಣೆ ಬೇಡ, ತುಕ್ಕು ಹಿಡಿಯದ ಹಾಗೆ ಎಣ್ಣೆ ಬಿಟ್ಟರೆ ಸಾಕು.

ಸಂಜೆ ಅವಳು ಮೇಜು ಒರೆಸುತ್ತಿದ್ದಾಗ ಹೇಳಿದೆ, "ಈ ಕುರ್ಚಿಗೆ ಮತ್ತೆ ಇರುವೆ ಹತ್ತುತ್ತಿವೆ. ಆ ಮರದ ತುಂಡು ಎಲ್ಲಿ ಹಾಕಿದೆ?"

ಅವಳು ನಗಲಿಲ್ಲ. "ಬಿಸಾಡಿಲ್ಲ ಅತ್ತೆ, ಇಲ್ಲೇ ಇವೆ" ಎಂದು ಮೇಜಿನ ಕೆಳಗಿನಿಂದ ತೆಗೆದಳು. ನನ್ನ ಕೈ ಹಿಡಿದು ಎಬ್ಬಿಸಿ ನಿಲ್ಲಿಸಿ, ಒಂದೊಂದೇ ಕಾಲಿನ ಕೆಳಗೆ ಇಟ್ಟಳು. ಈ ಸಲ ಇನ್ನೂ ಸ್ವಲ್ಪ ದಪ್ಪ ತುಂಡುಗಳು.